ಕೆರೆಯ ದಡದಲ್ಲಿ ನಾಗರಿಕರ ನಿಗಾ

ಬೆಂಗಳೂರಿನ ಕೆರೆಗಳ ದಡದಲ್ಲಿ ಕಳೆದ ಹದಿನೈದು-ಇಪ್ಪತ್ತು ವರ್ಷಗಳಲ್ಲಿ ಬೇರೂರಿರುವ ಸ್ವಯಂಸೇವೆಯನ್ನು ಕುರಿತು ಮಾತನಾಡುವಾಗ, ಕಸ ಎತ್ತುವುದು, ಗಿಡ ನೆಡುವುದು, ಕಳೆ ಕೀಳುವುದು ಮೊದಲಾದ ಮೈಬಗ್ಗಿಸುವ ಕೆಲಸಗಳನ್ನು ಸೇವೆಯೆಂದೂ, ಹಕ್ಕಿ ಎಣಿಸುವುದು, ನೀರಿನ ಬಣ್ಣ ಬರೆದಿಡುವುದು, ಮಕ್ಕಳನ್ನು ನಿಸರ್ಗ ನಡಿಗೆಗೆ ಕರೆದೊಯ್ಯುವುದು ಮೊದಲಾದವನ್ನು ಬಿಡುವಿನ ವೇಳೆಯ ಹವ್ಯಾಸವೆಂದೂ ವಿಂಗಡಿಸುವ ರೂಢಿ ಬೆಳೆದಿದೆ. ಪಾಲಿಕೆಯ ಅಧಿಕಾರಿಗಳೂ ಹಣ ಕೊಡುವ ಕಂಪನಿಗಳೂ ಅನೇಕ ವೇಳೆ ಸ್ವಯಂಸೇವಕರೂ ಈ ವಿಂಗಡಣೆಯನ್ನು ಒಪ್ಪಿಕೊಂಡೇ ಕೆಲಸ ಮಾಡುತ್ತಾರೆ. ಆದರೆ ಕೆರೆಯೊಂದು ಹೇಗೆ ಬದುಕುತ್ತದೆ, ಹೇಗೆ ಕೆಡುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದರೆ ಈ ಕ್ರಮವನ್ನು ತಿರುವಿ ಹಾಕಬೇಕಾಗುತ್ತದೆ. ಕೂಲಿ ಕೊಟ್ಟು ಮಾಡಿಸಬಹುದಾದ ಕೆಲಸಕ್ಕೆ ಸ್ವಯಂಸೇವಕರು ಅನಿವಾರ್ಯವಲ್ಲ. ವರ್ಷಗಟ್ಟಲೆ ಒಂದೇ ನೀರನ್ನು ನೋಡುತ್ತ, ಕಂಡದ್ದನ್ನು ದಾಖಲಿಸುತ್ತ, ಆ ದಾಖಲೆಯ ಬಲದಿಂದ ಸರ್ಕಾರವನ್ನು ಪ್ರಶ್ನಿಸುವ ನಿಗಾ ಮಾತ್ರ ಅವರನ್ನು ಬಿಟ್ಟರೆ ಬೇರೆ ಯಾರಿಂದಲೂ ಸಿಗುವಂಥದ್ದಲ್ಲ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ದಿಣ್ಣೆಯ ಮೇಲಿರುವ, ಹತ್ತಿರದಲ್ಲಿ ದೊಡ್ಡ ನದಿಯಿಲ್ಲದ ಊರು. ಇಲ್ಲಿ ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ ಮತ್ತು ವೃಷಭಾವತಿ ಎಂಬ ಮೂರು ಮುಖ್ಯ ಕಣಿವೆಗಳಲ್ಲಿ ಇಳಿಯುತ್ತದೆ. ಮೊದಲೆರಡರ ನೀರು ದಕ್ಷಿಣ ಪಿನಾಕಿನಿಯನ್ನೂ ಮೂರನೆಯದರ ನೀರು ಅರ್ಕಾವತಿಯ ಮೂಲಕ ಕಾವೇರಿಯನ್ನೂ ಸೇರುತ್ತದೆ. ಇಳಿಯುವ ಈ ನೀರಿಗೆ ಅಲ್ಲಲ್ಲಿ ಏರಿ, ಅಂದರೆ ಮಣ್ಣಿನ ದಂಡೆ ಕಟ್ಟಿ, ಹೆಚ್ಚಾದದ್ದು ಹರಿದುಹೋಗಲು ಕೋಡಿ ಬಿಟ್ಟು, ಒಂದು ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಸೇರುವಂತೆ ಕಾಲುವೆಗಳಿಂದ ಹೆಣೆದ ಸರಣಿಯೇ ಹಳೆಯ ಬೆಂಗಳೂರಿನ ನೀರಿನ ವ್ಯವಸ್ಥೆ. ಈ ಕಾಲುವೆಗಳಿಗೆ ರಾಜಕಾಲುವೆ ಎಂದು ಹೆಸರು. ಇಂದು ಅವುಗಳಲ್ಲಿ ಮಳೆನೀರಿಗಿಂತ ಚರಂಡಿ ನೀರೇ ಹೆಚ್ಚು ಹರಿಯುತ್ತದೆ. ಹೀಗಾಗಿ ಒಂದು ಕೆರೆಯ ಆರೋಗ್ಯ ಅದರ ಬೇಲಿಯೊಳಗೆ ತೀರ್ಮಾನವಾಗುವುದಿಲ್ಲ. ಮೇಲಿನ ಬಡಾವಣೆಯ ಒಳಚರಂಡಿ ಎಲ್ಲಿ ಒಡೆದಿದೆ, ಯಾವ ಕಟ್ಟಡದ ಕೊಳವೆ ರಾತ್ರಿ ವೇಳೆ ಕಾಲುವೆಗೆ ತೆರೆದುಕೊಳ್ಳುತ್ತದೆ ಎಂಬುದರ ಮೇಲೆ ಅದು ನಿಂತಿದೆ. ಬೇಲಿಯೊಳಗಿನ ಪ್ಲಾಸ್ಟಿಕ್ಕನ್ನು ಎಷ್ಟೇ ಶ್ರದ್ಧೆಯಿಂದ ಹೆಕ್ಕಿದರೂ ಕಾಲುವೆಯ ಬಾಯಿ ನೋಡಿಕೊಳ್ಳದಿದ್ದರೆ ಕೆರೆ ಉಳಿಯದು. ಬೆಳ್ಳಂದೂರು ಕೆರೆಯ ನೊರೆ ಮತ್ತು ಬೆಂಕಿ ದೇಶದ ಗಮನ ಸೆಳೆದದ್ದು 2015 ಮತ್ತು 2017ರಲ್ಲಿ. ಅದಕ್ಕೆ ಕಾರಣವಾದ ಸಾಬೂನು ಪುಡಿಯ ರಾಸಾಯನಿಕಗಳೂ ಮಲಿನ ನೀರೂ ಆ ಕೆರೆಯ ದಡದಲ್ಲಿ ಹುಟ್ಟಿದವಲ್ಲ, ನಗರದ ಬಹುಭಾಗದಿಂದ ಹರಿದುಬಂದವು.

ಕೆರೆಯನ್ನು ಸಮುದಾಯ ನೋಡಿಕೊಳ್ಳಬೇಕೆಂಬ ವಿಚಾರ ಕನ್ನಡ ನಾಡಿಗೆ ಹೊಸದಲ್ಲ. ಕೆರೆಯ ಉಸ್ತುವಾರಿಗೆಂದು ಭೂಮಿಯನ್ನೋ ಅದರ ಹುಟ್ಟುವಳಿಯ ಪಾಲನ್ನೋ ಬಿಟ್ಟುಕೊಡುವ ಬಿತ್ತುವಟ್ಟ, ಕಟ್ಟುಕೊಡಗೆ, ದಸವಂದಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುತ್ತಿದ್ದ ನೀರುಗಂಟಿಗೆ ಸುಗ್ಗಿಯಲ್ಲಿ ಕಾಳು ಅಳೆದು ಕೊಡುತ್ತಿದ್ದರು. ಬೇಸಿಗೆಯಲ್ಲಿ ಬತ್ತಿದ ಅಂಗಳದ ಗೋಡುಮಣ್ಣನ್ನು ರೈತರು ಗಾಡಿಗಳಲ್ಲಿ ಹೊಲಕ್ಕೆ ಸಾಗಿಸುತ್ತಿದ್ದುದರಿಂದ ಹೂಳೆತ್ತುವ ಕೆಲಸವೂ ತಾನಾಗಿ ನಡೆಯುತ್ತಿತ್ತು. ಈ ವ್ಯವಸ್ಥೆಯನ್ನು ಬಣ್ಣಿಸುವಾಗ ಒಂದು ಎಚ್ಚರ ಅಗತ್ಯ. ಅಲ್ಲಿ ಯಾರೂ ಇಂದಿನ ಅರ್ಥದ ಸ್ವಯಂಸೇವಕರಾಗಿರಲಿಲ್ಲ. ಕರ್ತವ್ಯ ಪ್ರತಿಫಲಕ್ಕೆ ಕಟ್ಟಿಕೊಂಡಿತ್ತು. ಕೆಲಸ ಜಾತಿಯ ಕಟ್ಟಿಗೆ ಒಳಪಟ್ಟಿತ್ತು. ದುಡಿದವರಿಗೆ ನೀರಿನಲ್ಲಿ ಸಮಪಾಲು ಸಿಗುತ್ತಿರಲಿಲ್ಲ. ಹಾಗಿದ್ದರೂ ಆ ವ್ಯವಸ್ಥೆಯಲ್ಲಿ ಇಂದು ಇಲ್ಲದ ಒಂದು ಗುಣವಿತ್ತು: ಕೆರೆಗೆ ಏನಾಗುತ್ತಿದೆ ಎಂದು ಪ್ರತಿದಿನ ನೋಡುವ, ನೋಡಲೇಬೇಕಾದ ಒಬ್ಬ ಮನುಷ್ಯ ಇದ್ದ.

ಕೊಳಾಯಿ ಬಂದ ಮೇಲೆ ಆ ಮನುಷ್ಯನ ಅಗತ್ಯ ನಗರಕ್ಕೆ ಕಾಣದಾಯಿತು. 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಸುಮಾರು ನೂರು ಕಿಲೋಮೀಟರ್ ದೂರದ ಕಾವೇರಿಯಿಂದ ನೀರು ಬರತೊಡಗಿದಂತೆ ಊರೊಳಗಿನ ಕೆರೆಗಳು ಬರಿಯ ನಿವೇಶನಗಳಾಗಿ ಕಾಣತೊಡಗಿದವು. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಬಂದವು. ಉಳಿದ ಕೆರೆಗಳನ್ನು ಕಾಪಾಡುವ ಬಗೆ ಕುರಿತು ಎನ್. ಲಕ್ಷ್ಮಣರಾವ್ ಸಮಿತಿ 1980ರ ದಶಕದಲ್ಲೇ ಶಿಫಾರಸು ಮಾಡಿತ್ತು. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಅದು ಹೆಬ್ಬಾಳ, ನಾಗವಾರ ಮೊದಲಾದ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಡಲು ಮುಂದಾದಾಗ, ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸ್ವಯಂಸೇವಾ ಸಂಸ್ಥೆ 2008ರಲ್ಲಿ ಹೈಕೋರ್ಟ್ ಮೆಟ್ಟಿಲೇರಿತು. ಹೈಕೋರ್ಟ್ ರಚಿಸಿದ, ನ್ಯಾಯಮೂರ್ತಿ ಎನ್. ಕೆ. ಪಾಟೀಲ್ ಅವರ ನೇತೃತ್ವದ ಸಮಿತಿ ಮತ್ತು ಹೈಕೋರ್ಟಿನ 2012ರ ಆದೇಶ, ಕೆರೆ ಸಾರ್ವಜನಿಕರ ಸ್ವತ್ತು, ಸರ್ಕಾರ ಅದರ ಕಾವಲುಗಾರ ಮಾತ್ರ ಎಂಬ ತತ್ತ್ವವನ್ನು ಬಲಪಡಿಸಿದವು. ಸ್ವತ್ತು ಯಾರದೆಂಬ ಪ್ರಶ್ನೆಗೆ ಉತ್ತರ ಸಿಕ್ಕರೂ ದಿನದಿನದ ನಿಗಾ ಯಾರದೆಂಬ ಪ್ರಶ್ನೆ ಹಾಗೆಯೇ ಉಳಿಯಿತು. ನಾಗರಿಕ ಗುಂಪುಗಳು ತುಂಬಲು ಹೊರಟದ್ದು ಈ ತೆರವನ್ನು.

ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ ಸುಮಾರು ಹದಿಮೂರು ಎಕರೆಯ ಸಣ್ಣ ಜಲಾಶಯ. ಅಲ್ಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು, ಮರುವರ್ಷ ಆಗಿನ ನಗರಪಾಲಿಕೆಯಾದ ಬಿಬಿಎಂಪಿಯೊಂದಿಗೆ ನಿರ್ವಹಣೆಯ ಒಡಂಬಡಿಕೆಗೆ ಸಹಿ ಹಾಕಿದರು. ನಾಗರಿಕರ ಗುಂಪೊಂದು ಹೀಗೆ ಒಡಂಬಡಿಕೆ ಮಾಡಿಕೊಂಡದ್ದು ನಗರದಲ್ಲಿ ಅದೇ ಮೊದಲು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಸುಮಾರು 48 ಎಕರೆಯದು. ಅದರ ಪುನಶ್ಚೇತನದ ನಕ್ಷೆ ತಯಾರಾಗುವ ಹಂತದಲ್ಲೇ ಸುತ್ತಲಿನ ನಿವಾಸಿಗಳು ಅಧಿಕಾರಿಗಳೊಂದಿಗೆ ಕುಳಿತು ಚರ್ಚಿಸಿದರು, ಕೆರೆ ತುಂಬಿದ ಮೇಲೆ ಕೆರೆ ಹಬ್ಬ ಆಚರಿಸಿದರು, ಪಕ್ಕದ ಸರ್ಕಾರಿ ಶಾಲೆಯ ಮಕ್ಕಳಿಗೆ ಕೆರೆಯ ದಡವೇ ಪಾಠದ ಜಾಗವಾಯಿತು. ನಗರದ ಉತ್ತರಕ್ಕಿರುವ ಜಕ್ಕೂರು ಕೆರೆ ಇವೆರಡಕ್ಕಿಂತ ಬಹಳ ದೊಡ್ಡದು, ಸುಮಾರು 160 ಎಕರೆ. ಅಲ್ಲಿ ದಿನಕ್ಕೆ ಒಂದು ಕೋಟಿ ಲೀಟರ್ ಸಾಮರ್ಥ್ಯದೊಂದಿಗೆ ಆರಂಭವಾದ ಶುದ್ಧೀಕರಣ ಘಟಕದಿಂದ ಹೊರಬಂದ ನೀರು ನೇರವಾಗಿ ಕೆರೆ ಸೇರದೆ ಜೊಂಡು ಬೆಳೆದ ಜೌಗಿನ ಮೂಲಕ ಹಾಯುತ್ತದೆ, ಆಗ ನೀರಿನಲ್ಲಿ ಉಳಿದ ಸಾರಜನಕ, ರಂಜಕಗಳಲ್ಲಿ ಒಂದು ಪಾಲನ್ನು ಸಸ್ಯಗಳೂ ಅವುಗಳ ಬೇರಿನ ಸೂಕ್ಷ್ಮಜೀವಿಗಳೂ ಹೀರಿಕೊಳ್ಳುತ್ತವೆ. ಈ ಮೂರು ಕೆರೆಗಳನ್ನು ಒಂದೇ ಮಾದರಿಯೆಂದು ಹೇಳಲಾಗದು. ಮೂರರಲ್ಲೂ ಸಮಾನವಾದದ್ದು, ಗುತ್ತಿಗೆದಾರನ ಕಾಮಗಾರಿ ಮುಗಿದು ಬಿಲ್ ಪಾಸಾದ ಮೇಲೂ ಕೆರೆಯನ್ನು ನೋಡುವ ಕಣ್ಣುಗಳು ಉಳಿದವು ಎಂಬುದು.

ಕಣ್ಣಿಟ್ಟು ನೋಡುವುದರಿಂದ ಏನು ಸಿಗುತ್ತದೆ ಎಂಬುದಕ್ಕೆ ನೀರಿನಲ್ಲಿ ಕರಗಿರುವ ಆಮ್ಲಜನಕದ ಲೆಕ್ಕ ಅತ್ಯುತ್ತಮ ಉದಾಹರಣೆ. ಮೀನು ಉಸಿರಾಡುವುದು ಈ ಕರಗಿದ ಆಮ್ಲಜನಕವನ್ನು. ವನ್ಯಜೀವಿ ಮತ್ತು ಮೀನುಗಾರಿಕೆಗೆ ತಕ್ಕದ್ದೆನ್ನಲಾಗುವ ಡಿ ದರ್ಜೆಯ ನೀರಿನಲ್ಲಿ ಅದು ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಇರಬೇಕೆಂಬುದು ಮಾನದಂಡ. ಚರಂಡಿ ನೀರಿನ ಪೋಷಕಾಂಶ ತಿಂದು ಕೊಬ್ಬಿದ ಪಾಚಿ ಹಗಲಲ್ಲಿ ಬಿಸಿಲಿನ ಬಲದಿಂದ ಆಮ್ಲಜನಕವನ್ನು ಧಾರಾಳವಾಗಿ ಬಿಡುತ್ತದೆ, ರಾತ್ರಿಯಲ್ಲಿ ಅದೇ ಪಾಚಿ ಮತ್ತು ಕೊಳೆಯುವ ಪದಾರ್ಥದ ಮೇಲೆ ಬದುಕುವ ಬ್ಯಾಕ್ಟೀರಿಯಾಗಳು ಅದನ್ನು ಹೀರಿಬಿಡುತ್ತವೆ. ಹೀಗಾಗಿ ಮಧ್ಯಾಹ್ನ ಹಿಡಿದ ನೀರಿನಲ್ಲಿ ಅಳತೆ ಉತ್ತಮವಾಗಿ ಕಂಡು, ಅದೇ ಕೆರೆಯಲ್ಲಿ ಬೆಳಗಿನ ಜಾವ ಮೀನು ನೀರಿನ ಮೇಲಕ್ಕೆ ಬಾಯಿ ಹಾಕಿ ಏದುಸಿರು ಬಿಡುತ್ತಿರಬಹುದು. ಬೇಸಿಗೆಯ ಮೊದಲ ಜೋರು ಮಳೆ ಕಾಲುವೆಗಳಲ್ಲಿ ತಿಂಗಳುಗಟ್ಟಲೆ ಕುಳಿತ ಕೊಳಕನ್ನು ಒಮ್ಮೆಲೇ ಕೊಚ್ಚಿ ತಂದಾಗ ಇದು ಮಿತಿಮೀರಿ, ಸತ್ತ ಮೀನು ದಡಕ್ಕೆ ಬಂದು ಬೀಳುತ್ತದೆ. ತಿಂಗಳಿಗೊಮ್ಮೆ ಕಚೇರಿ ವೇಳೆಯಲ್ಲಿ ನೀರು ತೆಗೆದುಕೊಂಡು ಹೋಗುವ ಯಾವ ಇಲಾಖೆಯ ಅಂಕಿಯೂ ಈ ಜಾವದ ಕುಸಿತವನ್ನು ಹಿಡಿಯಲಾರದು. ಅದನ್ನು ಹಿಡಿಯಬಲ್ಲವರು, ಹೇಗೂ ಆ ಹೊತ್ತಿಗೆ ಕೆರೆ ಏರಿಯ ಮೇಲಿರುವ ವಾಯುವಿಹಾರಿಗಳು.

ಅದಕ್ಕೆ ಬೇಕಾದ ಸಲಕರಣೆಯೂ ದುಬಾರಿಯದಲ್ಲ. ಗಾಜಿನ ಮುಚ್ಚಳದ ಸಣ್ಣ ಬಾಟಲಿಯಲ್ಲಿ ಗಾಳಿಗುಳ್ಳೆ ಸೇರದಂತೆ ನೀರು ತುಂಬಿ, ಎರಡು ದ್ರಾವಣಗಳನ್ನು ಹನಿಸಿ ಮಗುಚಿದರೆ ಕಂದು ಬಣ್ಣದ ಗಸಿ ಕೂರುತ್ತದೆ. ಆಮ್ಲ ಬೆರೆಸಿದಾಗ ಗಸಿ ಕರಗಿ ನೀರು ಹಳದಿಯಾಗುತ್ತದೆ. ಆ ಬಣ್ಣ ಪೂರ್ತಿ ಹೋಗುವವರೆಗೆ ಮತ್ತೊಂದು ದ್ರಾವಣವನ್ನು ಎಷ್ಟು ಹನಿ ಹಾಕಬೇಕಾಯಿತು ಎಂಬುದೇ ಆಮ್ಲಜನಕದ ಅಳತೆ. ಗಸಿ ಕಂದಾಗದೆ ಬೆಳ್ಳಗೆ ಕುಳಿತರೆ ನೀರಿನಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಎಂದರ್ಥ, ಮತ್ತು ಇದನ್ನು ಹೈಸ್ಕೂಲಿನ ಹುಡುಗಿಯೂ ಬರಿಗಣ್ಣಿನಿಂದ ಓದಬಲ್ಲಳು. ಇನ್ನೂ ಸರಳವಾದದ್ದು ಸೆಕ್ಕಿ ತಟ್ಟೆ: ಇಟಲಿಯ ಪಾದ್ರಿ ಮತ್ತು ಖಗೋಳಜ್ಞ ಆಂಜೆಲೊ ಸೆಕ್ಕಿ 1865ರಲ್ಲಿ ಸಮುದ್ರದ ನೀರಿನ ತಿಳಿಯನ್ನು ಅಳೆಯಲು ಬಳಸಿದ ಬಿಳಿ ತಟ್ಟೆಯಿಂದ ಬೆಳೆದು ಬಂದ, ಕಪ್ಪು-ಬಿಳುಪು ಬಳಿದ ಒಂದು ಬಿಲ್ಲೆ. ಅಳತೆಯ ಗುರುತು ಹಾಕಿದ ದಾರಕ್ಕೆ ಕಟ್ಟಿ ಇಳಿಬಿಟ್ಟು, ಕಣ್ಣಿಗೆ ಕಾಣದಾಗುವ ಆಳವನ್ನು ಬರೆದುಕೊಂಡರೆ ಪಾಚಿ ಮತ್ತು ಹೂಳಿನಿಂದ ನೀರು ಎಷ್ಟು ಕದಡಿದೆ ಎಂಬುದು ತಿಳಿಯುತ್ತದೆ. ಒಂದು ದಿನದ ಅಳತೆಗೆ ಹೆಚ್ಚು ಬೆಲೆಯಿಲ್ಲ. ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ, ಎರಡು-ಮೂರು ವರ್ಷ ತೆಗೆದ ಅಳತೆಗಳ ಸಾಲು ಮಾತ್ರ ಯಾವ ಎಂಜಿನಿಯರನೂ ತಳ್ಳಿಹಾಕಲಾಗದ ಪುರಾವೆಯಾಗುತ್ತದೆ. ಸ್ವಯಂಸೇವಕರು ತರಬೇತಿ ಪಡೆದ ವಿಜ್ಞಾನಿಗಳಲ್ಲ, ಅವರ ಲೆಕ್ಕದಲ್ಲಿ ತಪ್ಪುಗಳಿರುತ್ತವೆ ಎಂಬ ಆಕ್ಷೇಪಕ್ಕೆ ಉತ್ತರವೂ ಇಲ್ಲಿಯೇ ಇದೆ: ಕ್ರಮ ಬದಲಾಗದಿದ್ದರೆ ಬಿಡಿ ಬಿಡಿ ತಪ್ಪುಗಳು ಏರಿಳಿತದ ದಿಕ್ಕನ್ನು ಮರೆಮಾಡುವುದಿಲ್ಲ.

ಹಕ್ಕಿ ಎಣಿಕೆಯೂ ಇದೇ ಜಾತಿಯ ಕೆಲಸ. ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ಹವ್ಯಾಸಿಗಳ ಶ್ರಮದಿಂದಲೇ ನಡೆದುಬಂದಿದೆ. ಮೈಸೂರಿನ ಪಕ್ಷಿವೀಕ್ಷಕರು ಇಡೀ ನಗರವನ್ನು ಚೌಕಗಳಾಗಿ ವಿಂಗಡಿಸಿ, ಚೌಕ ಬಿಡದೆ ನಡೆದು, 2014ರಿಂದ 2016ರ ಅವಧಿಯಲ್ಲಿ ನಗರದ ಪಕ್ಷಿ ನಕಾಶೆಯನ್ನೇ ಸಿದ್ಧಪಡಿಸಿದರು. ಕೆರೆಯ ಮಟ್ಟಿಗೆ ಯಾವ ಹಕ್ಕಿ ಎಂಬುದರಷ್ಟೇ ಎಲ್ಲಿ ನಿಂತಿದೆ ಎಂಬುದೂ ಮುಖ್ಯ. ಗುಳುಮುಳುಕ ಮತ್ತು ನೀರುಕಾಗೆಗೆ ಮುಳುಗಿ ಬೇಟೆಯಾಡಲು ಆಳದ ನೀರು ಬೇಕು. ಕೊಳದ ಬಕ, ಚಮಚಕೊಕ್ಕು, ವಲಸೆ ಬರುವ ಉಲ್ಲಂಕಿಗಳಿಗೆ ಗೇಣಿಗಿಂತ ಕಡಿಮೆ ಆಳದ ಕೆಸರಂಚು ಬೇಕು. ಜಂಬುಕೋಳಿ ಗೂಡು ಕಟ್ಟುವುದು ಜೊಂಡಿನೊಳಗೆ, ದೇವನಕ್ಕಿ ನಡೆಯುವುದು ತೇಲುವ ಎಲೆಗಳ ಮೇಲೆ. ಆದ್ದರಿಂದ ಹಕ್ಕಿಗಳ ಪಟ್ಟಿಯಿಂದ ಒಂದೊಂದು ಗುಂಪು ಜಾರಿಹೋದಾಗ ಕೆರೆಯ ಯಾವ ಭಾಗ ಕೆಟ್ಟಿದೆ ಎಂಬುದನ್ನು ಊಹಿಸಬಹುದು.

ಪುನಶ್ಚೇತನದ ಹೆಸರಿನಲ್ಲಿ ನಗರ ಮಾಡಿಕೊಂಡ ದೊಡ್ಡ ನಷ್ಟ ತಿಳಿದದ್ದೂ ಇಂಥ ಪಟ್ಟಿಗಳಿಂದಲೇ. ಹಲವು ಕೆರೆಗಳ ಇಳಿಜಾರು ಅಂಚನ್ನು ಯಂತ್ರಗಳಿಂದ ಕಡಿದು, ತಳವನ್ನು ಒಂದೇ ಆಳಕ್ಕೆ ತೋಡಿ, ಸುತ್ತಲೂ ಕಲ್ಲು ಹಾಸಿ ನಡಿಗೆಪಥ ಮಾಡಿದಾಗ ಕೆರೆ ಸಾರಿನ ಬಟ್ಟಲಿನಂತಾಯಿತು: ನೀರು ಹೆಚ್ಚು ನಿಂತಿತು, ನೋಟ ಚೆನ್ನಾಯಿತು, ಕೆಸರಂಚನ್ನು ನಂಬಿದ ಜೀವಿಗಳಿಗೆ ಜಾಗವಿಲ್ಲದಾಯಿತು. ಉದ್ಯಾನ ಮತ್ತು ಕೆರೆ ಎರಡೂ ಬೇಕೆಂಬ ನಗರವಾಸಿಗಳ ಆಸೆ ನ್ಯಾಯವಾದದ್ದೇ. ಆದರೆ ಎರಡರ ಹಿತ ಎದುರುಬದುರಾಗುವ ಕಡೆಗಳಲ್ಲಿ ಕೆರೆಗೆ ಮೊದಲ ಮಣೆ ಸಿಗಬೇಕು, ಏಕೆಂದರೆ ಉದ್ಯಾನವನ್ನು ಬೇರೆಡೆಯೂ ಮಾಡಬಹುದು, ಕಣಿವೆಯ ತಗ್ಗನ್ನು ಬೇರೆಡೆ ಮಾಡಲಾಗದು. ರಾತ್ರಿಯಿಡೀ ಉರಿಯುವ ದೀಪ, ಧ್ವನಿವರ್ಧಕ, ಮಂಡಕ್ಕಿ-ಬ್ರೆಡ್ಡು ಎಸೆಯುವ ಅಭ್ಯಾಸ ಇವೆಲ್ಲ ಈ ತಕ್ಕಡಿಯಲ್ಲಿ ತೂಗಬೇಕಾದವು. ಸದುದ್ದೇಶದ ಗಿಡ ನೆಡುವಿಕೆಯೂ ಇದಕ್ಕೆ ಹೊರತಲ್ಲ. ಮಣ್ಣಿನ ಏರಿಯ ಮೇಲೆ ದೊಡ್ಡ ಮರ ಬೆಳೆಸಿದರೆ ಬೇರು ಒಳಗಿಳಿಯುತ್ತದೆ, ಮರ ಸತ್ತಾಗ ಬೇರು ಕೊಳೆತು ಉಳಿಯುವ ಪೊಟರೆಯಿಂದ ನೀರು ಜಿನುಗತೊಡಗುತ್ತದೆ. ಹೊಂಗೆ, ಮತ್ತಿ, ನೇರಳೆಗಳಿಗೆ ಜಾಗ ಏರಿಯಿಂದಾಚೆ. ಒಂದು ಬೆಳಗಿಗೆಂದು ಬಸ್ಸುಗಳಲ್ಲಿ ಬಂದು ನೂರಾರು ಸಸಿ ನೆಟ್ಟು ಹೋಗುವ ಗುಂಪಿಗೆ ಈ ವ್ಯತ್ಯಾಸ ತಿಳಿಯುವ ಅವಕಾಶವೇ ಇರುವುದಿಲ್ಲ. ಆ ಸಸಿಗಳಿಗೆ ಬೇಸಿಗೆಯಲ್ಲಿ ನೀರು ಹಾಕುವ ನಾಲ್ಕು ಜನ ಅವರಿಗಿಂತ ಹೆಚ್ಚಿನ ಉಪಕಾರ ಮಾಡುತ್ತಾರೆ.

ಸ್ವಯಂಸೇವೆಯ ವಿರುದ್ಧ ಎತ್ತಬಹುದಾದ ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ: ಜನ ತಾವಾಗಿ ಕೆಲಸ ಮಾಡತೊಡಗಿದರೆ ಸರ್ಕಾರ ತನ್ನ ಹೊಣೆಯಿಂದ ಜಾರಿಕೊಳ್ಳುತ್ತದೆ. ಈ ಭಯಕ್ಕೆ ಆಧಾರವಿದೆ. ಕೆರೆಯ ಜಾಗ ಕಂದಾಯ ಇಲಾಖೆಯ ದಾಖಲೆಯಲ್ಲಿ, ದಡ ಪಾಲಿಕೆಯ ಕೈಯಲ್ಲಿ, ಒಳಚರಂಡಿ ಜಲಮಂಡಳಿಯ ಬಳಿ, ಮೀನಿನ ಟೆಂಡರು ಮೀನುಗಾರಿಕೆ ಇಲಾಖೆಯಲ್ಲಿ, ನೀರಿನ ಪರೀಕ್ಷೆ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಹಂಚಿಹೋಗಿರುವಾಗ ಪ್ರತಿಯೊಬ್ಬರೂ ಮತ್ತೊಬ್ಬರತ್ತ ಬೆರಳು ತೋರುವುದು ಸುಲಭ, ಮತ್ತು ನಡುವೆ ಸಿಕ್ಕ ಟ್ರಸ್ಟಿನವರು ತಮ್ಮ ಹಣದಿಂದ ಕಾವಲುಗಾರನಿಗೆ ಸಂಬಳ ಕೊಡುವ ಸ್ಥಿತಿ ಬರುತ್ತದೆ. ಖಾಸಗಿ ಹಣದ ಜೊತೆಗೆ ಖಾಸಗಿ ಹಿಡಿತವೂ ಬರಬಹುದೆಂಬ ಕಳವಳದಿಂದಲೇ 2020ರಲ್ಲಿ ಹೈಕೋರ್ಟ್ ಕೆರೆಗಳ ಒಡಂಬಡಿಕೆಗಳಿಗೆ ತಡೆ ಹಾಕಿತು. ಅದರ ಬಿಸಿ ಕಂಪನಿಗಳಿಗಷ್ಟೇ ಅಲ್ಲದೆ ವರ್ಷಗಳಿಂದ ದುಡಿದ ನೆರೆಹೊರೆಯ ಗುಂಪುಗಳಿಗೂ ತಟ್ಟಿತು. ನಿರ್ವಹಣೆ ಮತ್ತು ನಿಗಾ ಎಂಬ ಎರಡು ಬೇರೆ ಕೆಲಸಗಳನ್ನು ಒಂದೇ ಕಾಗದದಲ್ಲಿ ಕಟ್ಟಿದ್ದೇ ಈ ಗೋಜಲಿನ ಮೂಲ. ಹೂಳೆತ್ತುವುದು, ಕಳೆ ತೆಗೆಯುವುದು, ಕಾವಲು, ಶುದ್ಧೀಕರಣ ಘಟಕ ನಡೆಸುವುದು ತೆರಿಗೆ ಹಣದಿಂದ ನಡೆಯಬೇಕಾದ, ಸಂಬಳದ ಕೆಲಸಗಾರರು ಮಾಡಬೇಕಾದ ಕೆಲಸ. ನೋಡುವುದು, ಅಳೆಯುವುದು, ಕೇಳುವುದು ನಾಗರಿಕರ ಕೆಲಸ. ಅದಕ್ಕೆ ಒಡಂಬಡಿಕೆಯಾಗಲಿ ಕಂಪನಿಯ ಹಣವಾಗಲಿ ಬೇಕಿಲ್ಲ, ಬೇಕಾಗಿರುವುದು ಕಾನೂನಿನ ಮಾನ್ಯತೆ. ಹೀಗೆ ಬೇರ್ಪಡಿಸಿದರೆ ಸ್ವಯಂಸೇವೆ ಸರ್ಕಾರದ ಹೊಣೆಯನ್ನು ಹಗುರ ಮಾಡುವ ಬದಲು ಅದನ್ನು ತಪ್ಪಿಸಿಕೊಳ್ಳದಂತೆ ಕಟ್ಟಿಹಾಕುತ್ತದೆ.

ಮತ್ತೊಂದು ಆಕ್ಷೇಪ ಇನ್ನೂ ನೋವಿನದು, ಅದಕ್ಕೆ ಕೆರೆಗಳ ಗೆಳೆಯರು ಪೂರ್ಣ ಉತ್ತರ ಕೊಟ್ಟಿಲ್ಲ. ಕೆರೆ ಉದ್ಯಾನವಾದಾಗ ಬೇಲಿ ಬರುತ್ತದೆ, ಬೆಳಿಗ್ಗೆ ಮತ್ತು ಸಂಜೆ ಮಾತ್ರ ಗೇಟು ತೆರೆಯುತ್ತದೆ. ಆ ವೇಳೆ ವಾಯುವಿಹಾರಿಗೆ ಅನುಕೂಲ, ಮನೆಗೆಲಸ ಮುಗಿಸಿ ಮಧ್ಯಾಹ್ನ ಹಸುವಿಗೆ ಹುಲ್ಲು ಕೊಯ್ಯಲು ಬರುವ ಹೆಂಗಸಿಗೆ ಅಲ್ಲ. ದನ ಮೇಯಿಸುವವರು, ಬಟ್ಟೆ ಒಗೆಯುವವರು, ಬಲೆ ಬೀಸುವವರು, ಹೊನಗೊನೆ ಮತ್ತು ಒಂದೆಲಗ ಬಿಡಿಸಿಕೊಂಡು ಹೋಗುವವರು, ಪಕ್ಕದ ಶೆಡ್ಡುಗಳ ಕಟ್ಟಡ ಕಾರ್ಮಿಕರ ಮಕ್ಕಳು, ಇವರೆಲ್ಲ ಒಬ್ಬೊಬ್ಬರಾಗಿ ಹೊರಗುಳಿಯುತ್ತಾರೆ. ಬೆಂಗಳೂರಿನ ಕೆರೆಗಳ ಮೇಲೆ ದೀರ್ಘಕಾಲ ಅಧ್ಯಯನ ಮಾಡಿರುವ ಹರಿಣಿ ನಾಗೇಂದ್ರ ಅವರಂಥ ಸಂಶೋಧಕರು ಈ ಹೊರದೂಡುವಿಕೆಯನ್ನು ಬರೆದು ದಾಖಲಿಸಿದ್ದಾರೆ. ನ್ಯಾಯದ ದೃಷ್ಟಿಯಿಂದ ಇದು ತಪ್ಪು ಎಂಬುದು ಸ್ಪಷ್ಟ. ನಿಗಾದ ದೃಷ್ಟಿಯಿಂದಲೂ ಇದು ನಷ್ಟವೇ. ಯಾವ ಮೂಲೆಯಲ್ಲಿ ಮೀನು ಮೊದಲು ಮೇಲೆ ಬಂದು ಬಾಯಿ ತೆರೆಯುತ್ತದೆ ಎಂಬುದು ಬಲೆಗಾರನಿಗೆ ಗೊತ್ತು, ಏಕೆಂದರೆ ಅವನ ಹೂಡಿಕೆ ನೀರಿನೊಳಗಿದೆ. ಯಾವ ಅಂಚು ಬೇಸಿಗೆಯಲ್ಲೂ ಒದ್ದೆಯಾಗಿರುತ್ತದೆ, ಯಾವ ಅಂಚಿನ ಸೊಪ್ಪಿಗೆ ಈಚೆಗೆ ವಾಸನೆ ಬಂದಿದೆ ಎಂಬುದು ಸೊಪ್ಪು ಕೊಯ್ಯುವ ಹೆಂಗಸಿಗೆ ಗೊತ್ತು. ಆಕೆಯನ್ನು ಗೇಟಿನ ಹೊರಗೆ ನಿಲ್ಲಿಸಿ ಒಳಗೆ ನಿಸರ್ಗ ಶಿಬಿರ ನಡೆಸುವವರು ತಮ್ಮ ಅತ್ಯುತ್ತಮ ಶಿಕ್ಷಕಿಯನ್ನೇ ಕಳೆದುಕೊಳ್ಳುತ್ತಾರೆ. ಕೈಕೊಂಡ್ರಹಳ್ಳಿಯಲ್ಲಿ ಪುನಶ್ಚೇತನದ ನಂತರವೂ ಹುಲ್ಲು ಕೊಯ್ಯಲು ಅವಕಾಶ ಉಳಿಸಿದ್ದು ಈ ಕಾರಣಕ್ಕೆ ಬೆಲೆಯುಳ್ಳ ಕ್ರಮ. ಹುಲ್ಲು ಕೊಯ್ದಷ್ಟೂ ಪಾಲಿಕೆಗೆ ಕಳೆ ಕತ್ತರಿಸುವ ಖರ್ಚು ಉಳಿಯುತ್ತದೆ, ಕೆರೆಯಿಂದ ಅಷ್ಟು ಪೋಷಕಾಂಶವೂ ಹೊರಹೋಗುತ್ತದೆ.

ನಿಗಾ ಮಾತಿನಲ್ಲಿ ಉಳಿಯದೆ ಕೆಲಸಕ್ಕೆ ಬರಬೇಕಾದರೆ ಕೆಲವು ಏರ್ಪಾಡುಗಳು ಬೇಕು, ಮತ್ತು ಬಿಬಿಎಂಪಿಯ ಜಾಗದಲ್ಲಿ 2025ರಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಹಾಗೂ ಐದು ನಗರಪಾಲಿಕೆಗಳು ಬಂದಿರುವ ಈ ಹೊತ್ತು ಅವನ್ನು ಕೇಳಲು ತಕ್ಕ ಹೊತ್ತು. ಮಾಲಿನ್ಯ ನಿಯಂತ್ರಣ ಮಂಡಳಿಯ ತಿಂಗಳ ಅಂಕಿಯನ್ನು ಕೆರೆಯ ಗೇಟಿನ ಬಳಿ ಕನ್ನಡದಲ್ಲಿ ಬರೆದು ಹಾಕಬೇಕು, ಅದರ ಪಕ್ಕದಲ್ಲಿ ಸ್ವಯಂಸೇವಕರು ಜಾವದಲ್ಲಿ ತೆಗೆದ ಆಮ್ಲಜನಕದ ಅಳತೆಗೂ ಜಾಗ ಬಿಡಬೇಕು. ಎರಡರ ನಡುವೆ ಅಂತರ ಕಂಡಾಗ ಜಲಮಂಡಳಿಯ ಎಂಜಿನಿಯರರು ಗೊತ್ತಾದ ದಿನಗಳೊಳಗೆ ಕಾಲುವೆ ಪರಿಶೀಲಿಸಿ ಬರಹದಲ್ಲಿ ಉತ್ತರ ಕೊಡುವ ನಿಯಮವಿರಬೇಕು. ಪ್ರತಿ ಕೆರೆಯ ಸಮಿತಿಯಲ್ಲಿ ಬಡಾವಣೆಯ ನಿವಾಸಿಗಳಷ್ಟೇ ಸಂಖ್ಯೆಯಲ್ಲಿ ಮೀನುಗಾರರು, ಹುಲ್ಲು ಕೊಯ್ಯುವವರು ಮತ್ತು ಪಕ್ಕದ ಸರ್ಕಾರಿ ಶಾಲೆಯ ಶಿಕ್ಷಕರು ಕುಳಿತುಕೊಳ್ಳಬೇಕು, ಸಭೆ ಅವರಿಗೆ ಕೂಲಿ ತಪ್ಪದ ಹೊತ್ತಿನಲ್ಲಿ ನಡೆಯಬೇಕು. ಮುಂದಿನ ಯಾವುದೇ ಪುನಶ್ಚೇತನದ ಟೆಂಡರ್ ಕರೆಯುವ ಮೊದಲು, ಆ ಕೆರೆಯಲ್ಲಿ ಕನಿಷ್ಠ ಒಂದು ವರ್ಷ, ಅಂದರೆ ಒಂದು ಮಳೆಗಾಲ, ಒಂದು ವಲಸೆಯ ಚಳಿಗಾಲ ಮತ್ತು ಒಂದು ಬೇಸಿಗೆ, ನೀರಿನ ಹರವು ಎಲ್ಲಿಗೆ ಬಂದು ಎಲ್ಲಿಗೆ ಸರಿಯಿತು, ಯಾವ ಅಂಚಿನಲ್ಲಿ ಯಾವ ಹಕ್ಕಿ ನಿಂತಿತು, ಯಾರು ಯಾವ ಹೊತ್ತಿನಲ್ಲಿ ಯಾವ ಕೆಲಸಕ್ಕೆ ಬಂದರು ಎಂಬ ದಾಖಲೆ ಸಿದ್ಧವಾಗಿ, ಗುತ್ತಿಗೆದಾರನ ನಕ್ಷೆಗೆ ಅದು ಲಗತ್ತಾಗಿರಬೇಕು.